ಡಿಸ್ಕ್ ಲೇತಿಗೆ ಕೊಡುವ ಮುಂಚೆ ಕಣ್ಣೆದುರೇ ಅಳತೆ ಮಾಡಿಸಿ

ಬ್ರೇಕ್ ಒತ್ತಿದಾಗ ಸ್ಟೇರಿಂಗ್ ನಡುಗುತ್ತದೆ ಅಂತ ಗ್ಯಾರೇಜಿಗೆ ಹೋದರೆ 'ಡಿಸ್ಕ್ ಬೆಂಡಾಗಿದೆ, ಲೇತಿಗೆ ಹಾಕಿಸೋಣ' ಎನ್ನುವ ಮಾತು ಬಂದೇ ಬರುತ್ತದೆ. ಡಿಸ್ಕ್ ಅಂದರೆ ಚಕ್ರದ ಜೊತೆ ತಿರುಗುವ ಲೋಹದ ತಟ್ಟೆ, ಬ್ರೇಕ್ ಒತ್ತಿದಾಗ ಪ್ಯಾಡುಗಳು ಅದನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುತ್ತವೆ. ಲೇತಿನಲ್ಲಿ ಅದರ ಮೈ ಹೆರೆದು ಸಮ ಮಾಡುತ್ತಾರೆ. ಅದಕ್ಕೆ ಹೂಂ ಅಂದು ಅಮ್ಮನನ್ನು ಕೂರಿಸಿಕೊಂಡು ಆಗುಂಬೆ ಘಾಟಿ ಇಳಿದವನು ನಾನು. ಮಳೆಗಾಲ ಹತ್ತಿರ ಬಂತು, ಘಾಟಿ ಹತ್ತಿ ಇಳಿಯುವವರು ದಯವಿಟ್ಟು ಪೂರ್ತಿ ಓದಿ.

ಕಾರು 70 ಸಾವಿರ ಕಿಲೋಮೀಟರ್ ಓಡಿತ್ತು. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಬರುವಾಗ ಮಂಡಗದ್ದೆ ಕಡೆ 60ರ ವೇಗದಲ್ಲಿ ಬ್ರೇಕ್ ಹಿಡಿದರೆ ಸ್ಟೇರಿಂಗ್ ಅದುರುತ್ತಿತ್ತು, ಪೆಡಲ್ ಪಾದಕ್ಕೆ ಟಕಟಕ ಹೊಡೆಯುತ್ತಿತ್ತು. ಶಿವಮೊಗ್ಗದ ಗ್ಯಾರೇಜೊಂದರಲ್ಲಿ ದಪ್ಪ ಅಳೆಯುವ ವರ್ನಿಯರ್ ಇಟ್ಟು ನೋಡಿ, "ಇನ್ನೂ 21 ಎಂಎಂ ಐತೆ ಗೌಡ್ರೇ, ಹೊಸದ್ಯಾಕೆ? ಲೇತಲ್ಲಿ ಒಂದು ಕಟ್ ಕೊಟ್ರೆ ಗಾಜಿನ ಥರ ಆಗುತ್ತೆ" ಅಂದರು. ಹೊಸ ಜೋಡಿಗೆ 5,200 ರೂಪಾಯಿ, ಲೇತಿಗೆ 900. ಒಪ್ಪಿಕೊಂಡೆ. ನಡುಕ ನಿಂತಿತು. ಹದಿನೈದು ದಿನ ಖುಷಿಯಾಗಿದ್ದೆ.

ಆಮೇಲೆ ಅಮ್ಮನ ಕಣ್ಣು ತೋರಿಸಲು ಮಣಿಪಾಲಕ್ಕೆ ಹೊರಟೆವು. ಘಾಟಿಯಲ್ಲಿ ಮಂಜು, ಮುಂದೆ ಒಂದು ಮಿನಿ ಬಸ್ಸು. ಎರಡನೇ ಗೇರಿನಲ್ಲೇ ಇದ್ದರೂ ಅದರ ಹಿಂದೆ ಮತ್ತೆ ಮತ್ತೆ ಬ್ರೇಕ್ ಒತ್ತಬೇಕಾಯಿತು. ಹದಿನಾಲ್ಕು ತಿರುವಿನಲ್ಲಿ ಅರ್ಧ ದಾಟಿರಲಿಲ್ಲ, ನಡುಕ ವಾಪಸ್ ಬಂತು. ಸುಟ್ಟ ವಾಸನೆ. ಮುಂದಿನ ತಿರುವಿನಲ್ಲಿ ಪೆಡಲ್ ಹತ್ತಿಯ ಮೇಲೆ ಕಾಲಿಟ್ಟ ಹಾಗೆ ಮೆತ್ತಗೆ ಕೆಳಗೆ ಹೋಯಿತು. ಮೊದಲನೇ ಗೇರಿಗೆ ಎಳೆದು, ಹ್ಯಾಂಡ್ ಬ್ರೇಕ್ ಸ್ವಲ್ಪ ಸ್ವಲ್ಪವೇ ಎತ್ತಿ, ಗುಡ್ಡದ ಬದಿಯ ಚರಂಡಿಗೆ ತಾಗಿಸಿ ನಿಲ್ಲಿಸಿದೆ. "ಎಂತಾಯ್ತು ಮಗಾ?" ಅಂತ ಅಮ್ಮ ಕೇಳಿದಾಗ ಉತ್ತರ ಹೇಳಲು ಬಾಯಿ ಬರಲಿಲ್ಲ. ಮುಕ್ಕಾಲು ಗಂಟೆ ಆರಲು ಬಿಟ್ಟು, ಮೊದಲನೇ ಗೇರಿನಲ್ಲೇ ತೆವಳಿಕೊಂಡು ಸೋಮೇಶ್ವರ ಸೇರಿದೆವು.

ಹೆಬ್ರಿಯ ಮೆಕ್ಯಾನಿಕ್ ಚಕ್ರ ಬಿಚ್ಚಿ, ಡಿಸ್ಕಿನ ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿದರು. ಕನಿಷ್ಠ ದಪ್ಪ 20 ಎಂಎಂ ಎಂದು ಅದರಲ್ಲೇ ಅಚ್ಚೊತ್ತಿತ್ತು. ಇನ್ನೂ ಸೂಕ್ಷ್ಮವಾಗಿ ಅಳೆಯುವ ಮೈಕ್ರೋಮೀಟರ್ ಹಿಡಿದರೆ ಬಂದದ್ದು 19.6. ಹೊಸದಿದ್ದಾಗ 22.

ಮೊದಲಿನ 21 ಹೇಗೆ ಬಂತು ಅಂತ ಆಗ ತಿಳಿಯಿತು. ಸವೆದ ಡಿಸ್ಕಿನ ಹೊರ ಅಂಚಿನಲ್ಲಿ ಪ್ಯಾಡ್ ತಾಗದ ಜಾಗ ಸಣ್ಣ ಬದುವಿನಂತೆ ಉಳಿಯುತ್ತದೆ. ಉಗುರು ಆಡಿಸಿದರೆ ಸಿಗುತ್ತದೆ, ನನ್ನದರಲ್ಲೂ ಸಿಕ್ಕಿತ್ತು. ವರ್ನಿಯರಿನ ಬಾಯಿ ಆ ಬದುವಿನ ಮೇಲೆ ಕೂತರೆ ಅದು ತೋರಿಸುವುದು ಬದುವಿನ ದಪ್ಪ, ಪ್ಯಾಡ್ ಉಜ್ಜುವ ಜಾಗದ್ದಲ್ಲ. ತೆಳ್ಳಗಿನ ಡಿಸ್ಕ್ ಬೇಗ ಕಾಯುತ್ತದೆ, ಆ ಕಾವು ಬ್ರೇಕ್ ಆಯಿಲ್‌ಗೆ ಏರುತ್ತದೆ. ಆಯಿಲ್ ಕುದಿದರೆ ಒಳಗೆ ಆವಿಯ ಗುಳ್ಳೆ ಎದ್ದು ಪೆಡಲ್ ಮೆತ್ತಗಾಗುತ್ತದೆ. ಆಯಿಲ್ ಗಾಳಿಯ ತೇವ ಹೀರುವ ವಸ್ತು. ಡಾಟ್ 4 ಎನ್ನುವ ದರ್ಜೆಯ ಆಯಿಲ್ ಹೊಸದಾಗಿದ್ದಾಗ 230 ಡಿಗ್ರಿವರೆಗಾದರೂ ಕುದಿಯಬಾರದು ಎನ್ನುವುದು ನಿಯಮ, ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ನಾನು ಮೂರು ವರ್ಷದಿಂದ ಬದಲಿಸಿರಲಿಲ್ಲ. ಅದೂ ನಮ್ಮ ಮಲೆನಾಡಿನ ಮಳೆಯಲ್ಲಿ.

ಇನ್ನೊಂದು ವಿಷಯ. ಡಿಸ್ಕ್ ಕೂರುವ ಹಬ್ಬಿನ (ಚಕ್ರದ ನಡುಭಾಗದ) ಮುಖದಲ್ಲಿ ತುಕ್ಕು ಗಟ್ಟಿಯಾಗಿ ಕೂತಿತ್ತು. ಅದನ್ನು ಉಜ್ಜದೆ ಏನು ಕೂರಿಸಿದರೂ ಡಿಸ್ಕ್ ವಾಲುತ್ತದೆ, ವಾಲಿದ ಡಿಸ್ಕ್ ಪ್ಯಾಡಿಗೆ ಒಂದೇ ಕಡೆ ತಾಗಿ ತಾಗಿ ಅಲ್ಲಿ ಸವೆಯುತ್ತದೆ, ನಡುಕ ಮತ್ತೆ ಬರುತ್ತದೆ. ಚಕ್ರದ ನಟ್ಟುಗಳನ್ನು ನಟ್ಟು ಬಿಗಿಯುವ ಗನ್ನಿನಿಂದ ಒಂದು ಬಿಗಿ, ಒಂದು ಸಡಿಲ ಮಾಡಿದರೂ ಹಾಗೇ ಆಗಬಹುದು. 'ಬೆಂಡ್' ಅಂತ ನಾವು ಕರೆಯುವುದರಲ್ಲಿ ಬಹಳಷ್ಟು ಹೀಗೆ ದಪ್ಪ ಏರುಪೇರಾದದ್ದೇ, ಅದೂ ಕೂದಲಿಗಿಂತ ತೆಳ್ಳಗಿನ ವ್ಯತ್ಯಾಸ.

ಲೇತಿಗೆ ಕೊಡುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಕಟ್ ಕೊಟ್ಟ ಮೇಲೂ ಅಚ್ಚೊತ್ತಿದ ಅಂಕಿಗಿಂತ ದಪ್ಪ ಚೆನ್ನಾಗಿ ಉಳಿಯುವುದಾದರೆ ಧಾರಾಳವಾಗಿ ಕೊಡಿ. ಆದರೆ ಆ ಅಂಕಿ ಎಲ್ಲಿದೆ ಅಂತ ಕೇಳಿ, ಮೈಕ್ರೋಮೀಟರಿನಲ್ಲಿ ನಾಲ್ಕೈದು ಕಡೆ ಅಳೆಸಿ, ಲೇತಿನಿಂದ ಬಂದ ಮೇಲೆ ಇನ್ನೊಮ್ಮೆ ಅಳೆಸಿ. ದಪ್ಪ ಆ ಅಂಕಿಯ ಹತ್ತಿರಕ್ಕೆ ಬಂದಿದ್ದರೆ ಎರಡೂ ಕಡೆ ಹೊಸದು ಹಾಕಿಸಿ, ಪ್ಯಾಡ್ ಸಮೇತ. ಅಳೆಯಲು ಗೊಣಗುವ ಗ್ಯಾರೇಜಿನಿಂದ ಕಾರು ತೆಗೆದುಕೊಂಡು ಹೊರಟುಬಿಡಿ.

ನಾನು ಕಾರನ್ನು ಹೆಬ್ರಿಯಲ್ಲೇ ಬಿಟ್ಟು ಅಮ್ಮನ ಜೊತೆ ಬಸ್ಸಿನಲ್ಲಿ ಮಣಿಪಾಲಕ್ಕೆ ಹೋದೆ. ಎರಡು ದಿನದಲ್ಲಿ ಹೊಸ ಡಿಸ್ಕ್, ಪ್ಯಾಡ್, ಆಯಿಲ್ ಎಲ್ಲ ಆಯಿತು. ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳುವವರೆಗೆ ಘಾಟಿ ಇಳಿಯಬೇಡಿ ಅಂತ ಆ ಮೆಕ್ಯಾನಿಕ್ ಎರಡೆರಡು ಸಲ ಹೇಳಿದರು. ಶಿವಮೊಗ್ಗ ರಸ್ತೆಯಲ್ಲೇ 300 ಕಿಲೋಮೀಟರ್ ಓಡಿಸಿ, ಆಮೇಲೆಯೇ ಅಮ್ಮನನ್ನು ಎರಡನೇ ತಪಾಸಣೆಗೆ ಕರೆದುಕೊಂಡು ಹೋದೆ.