ಹಾಡ ಲ್ಯಾಬೊ ಲೋಷನ್: ಎರಡೂವರೆ ವರ್ಷ, ಹತ್ತು-ಹನ್ನೆರಡು ರೀಫಿಲ್ ಆದ್ಮೇಲೆ

ಟೋಕಿಯೋದಲ್ಲಿ ನನ್ನ ಮೊದಲ ಜನವರಿ. ಗಾಳಿ ಎಷ್ಟು ಡ್ರೈ ಅಂದ್ರೆ ನಗೋಕೆ ಹೋದ್ರೆ ತುಟಿ ಪಕ್ಕ ಚರ್ಮ ಎಳೀತಿತ್ತು, ಅದರ ಮೇಲೆ ರೂಮಲ್ಲಿ ಹೀಟರ್ ಬೇರೆ, ಅಮ್ಮ ಕಟ್ಟಿಕೊಟ್ಟ ಕೊಬ್ಬರಿ ಎಣ್ಣೆ ಡಬ್ಬದಲ್ಲೇ ಕಲ್ಲಾಗಿ ಕೂತಿತ್ತು. ಆಫೀಸಲ್ಲಿ ಒಬ್ರು ಹೇಳಿದ್ರು ಅಂತ ಡ್ರಗ್‌ಸ್ಟೋರ್‌ಗೆ ಹೋಗಿ ಹಾಡ ಲ್ಯಾಬೊ ಅನ್ನೋ ಜಪಾನಿ ಬ್ರ್ಯಾಂಡಿನ ಗೊಕುಜ್ಯುನ್ ಲೋಷನ್ ತಂದೆ. 170 ಎಂಎಲ್ ಬಾಟಲಿ, ಆಗ ಸಾವಿರ ಯೆನ್ ಒಳಗೇ ಇತ್ತು.

ಮನೇಲಿ ಅಂಗೈಗೆ ಸುರಿದ್ರೆ ನೀರು! ನಮ್ಮಲ್ಲಿ ಲೋಷನ್ ಅಂದ್ರೆ ಬೆಳ್ಳಗೆ ಗಟ್ಟಿಯಾಗಿರೋದು, ಇಲ್ಲಿ ಲೋಷನ್ ಅಂದ್ರೆ ಕೆಶೋಸುಯಿ, ನಾವು ಟೋನರ್ ಅಂತೀವಲ್ಲ ಹೆಚ್ಚುಕಡಿಮೆ ಅದು. ಇದು ಗೊತ್ತಿಲ್ದೆ ಒಂದು ತಿಂಗಳು ಅದೊಂದನ್ನೇ ಹಚ್ಕೊಂಡು ಮಲಗಿದೀನಿ, ಬೆಳಗ್ಗೆ ಎದ್ರೆ ಮುಖ ಇನ್ನೂ ಬಿಗಿ. ತಪ್ಪು ನಂದೇ. ಇದರಲ್ಲಿರೋ ಹೈಯಲುರಾನಿಕ್ ಆಸಿಡ್ ನೀರು ಹಿಡ್ಕೊಳ್ಳುತ್ತೆ, ಆದ್ರೆ ಆ ನೀರು ಆರಿಹೋಗದಂಗೆ ಮೇಲೊಂದು ಕ್ರೀಮೋ ಮಿಲ್ಕೋ ಬೇಕೇ ಬೇಕು. ಈಗ ಮುಖ ತೊಳೆದು ಇನ್ನೂ ಸ್ವಲ್ಪ ಒದ್ದೆ ಇರುವಾಗ್ಲೇ ನಾಲ್ಕೈದು ಹನಿ ಹಾಕ್ಕೊಂಡು, ಉಜ್ಜದೆ, ಎರಡೂ ಅಂಗೈಲಿ ಕೆನ್ನೆ ಒತ್ತಿ ಹಿಡೀತೀನಿ. ಕೈ ತೆಗೆಯುವಾಗ ಚರ್ಮ ಒಂಚೂರು ಅಂಟ್ಕೊಂಡು ಬಿಡುತ್ತೆ, ಚಪಾತಿ ಹಿಟ್ಟಿಂದ ಬೆರಳು ತೆಗೆದಂಗೆ. ಆಮೇಲೆ ಕ್ರೀಮ್. ಆಗಸ್ಟ್‌ನಲ್ಲಿ ಟೋಕಿಯೋ ಥೇಟ್ ಮಂಗಳೂರು, ಆಗ ಕ್ರೀಮ್ ಬಿಟ್ಬಿಡ್ತೀನಿ.

ಇಲ್ಲಿನ ಎಷ್ಟೋ ಲೋಷನ್‌ಗಳ ಮೇಲೆ ಎರಡು ಪದ ಇರುತ್ತೆ, ನೋಡಿ ತಗೊಳ್ಳಿ. ಶಿತ್ತೋರಿ ಅಂದ್ರೆ ಜಾಸ್ತಿ ತೇವದ್ದು, ಒಣ ಚರ್ಮದವರಿಗೆ. ಸಪ್ಪರಿ ಅಂದ್ರೆ ಲೈಟು, ಎಣ್ಣೆ ಮುಖದವರಿಗೆ. ಸಪ್ಪೆ ಅಂತ ನೆನಪಿಟ್ಕೊಂಡ್ರೆ ಆಯ್ತು.

ಎರಡನೇ ಬಾಟಲಿ ತಗೊಳ್ಳೋದಾದ್ರೆ ಸನ್‌ಸ್ಕ್ರೀನ್ ತಗೊಳ್ಳಿ, ಸೀರಮ್ಮು ಶೀಟ್ ಮಾಸ್ಕು ಎಲ್ಲ ಆಮೇಲೆ. ಸನ್‌ಸ್ಕ್ರೀನ್ ಮೇಲೆ ಪಿಎ ಅಂತ ಬರೆದು ಮುಂದೆ ಪ್ಲಸ್ ಹಾಕೋ ಲೆಕ್ಕ ಶುರುವಾಗಿದ್ದೇ ಜಪಾನಲ್ಲಿ, ಅದು ಬಿಸಿಲಿನ ಯುವಿಎ ಕಿರಣ ತಡೆಯೋ ಅಳತೆ, ನಾಲ್ಕು ಪ್ಲಸ್ಸೇ ಎಲ್ಲಕ್ಕಿಂತ ಜಾಸ್ತಿ. ನಾನು ಹಚ್ಚೋದು ಬಿಯೋರೆ ಆಕ್ವಾ ರಿಚ್, ನನ್ನ ಬಣ್ಣದ ಮೇಲೂ ಬೆಳ್ಳಗೆ ಕಾಣಲ್ಲ. ‘ಟೋನ್ ಅಪ್’ ಅಂತ ಬರ್ದಿರೋದು ಮಾತ್ರ ಹುಷಾರು, ಬೇರೆ ಒಂದು ಬ್ರ್ಯಾಂಡಿಂದು ಹಚ್ಕೊಂಡು ಯುಗಾದಿ ಗೆಟ್ ಟುಗೆದರ್‌ಗೆ ಹೋಗಿದ್ದೆ, ಫೋಟೋದಲ್ಲಿ ಕುತ್ತಿಗೆ ನಂದು, ಮುಖ ವಿಭೂತಿ ಬಳ್ಕೊಂಡವರದ್ದು.

ಸನ್‌ಸ್ಕ್ರೀನ್ ತೆಗೆಯೋಕೆ ಕ್ಲೆನ್ಸಿಂಗ್ ಆಯಿಲ್. ಕೈ, ಮುಖ ಎರಡೂ ಒಣಗಿರುವಾಗ ಹಚ್ಚಿ, ಒಂಚೂರು ನೀರು ತಾಗಿಸಿದ್ರೆ ಎಣ್ಣೆ ಹಾಲಿನ ಥರ ಆಗುತ್ತೆ, ಆಗ ತೊಳ್ಕೊಂಡು ಮೇಲೆ ಫೇಸ್‌ವಾಶ್. ವಿಡಿಯೋ ಕಾಲಲ್ಲಿ ತೋರಿಸಿದ್ರೆ ಅಮ್ಮ, ‘ಎಣ್ಣೆ ಹಚ್ಚಿ ಸೀಗೆಪುಡಿ ಹಾಕ್ತೀನಿ ಬಾ ಅಂದ್ರೆ ಓಡಿಹೋಗ್ತಿದ್ದೆ, ಈಗ ದುಡ್ಡು ಕೊಟ್ಟು ಮಾಡ್ತಿದೀಯ’ ಅಂದ್ರು.

ಲೋಷನ್‌ಗೆ ಸೆಂಟು ಹಾಕಿಲ್ಲ, ಉರಿ ಇಲ್ಲ, ರೀಫಿಲ್ ಪ್ಯಾಕೆಟ್ ಇನ್ನೂ ಅಗ್ಗ. ಚರ್ಮ ಎಳೆಯೋದು ನಿಂತಿದೆ. ಮೊಡವೆ ಕಲೆ ಹಾಗೇ ಇದೆ, ಹೋಗುತ್ತೆ ಅಂತ ಬಾಟಲಿ ಮೇಲೆ ಅವರೂ ಬರ್ದಿಲ್ಲ.