ಕತ್ತು ನೋವಿಗೆ ಮೆಷಿನ್ನಾ, ವ್ಯಾಯಾಮವಾ?

ದಿನಾ ಎಂಟು ಗಂಟೆ ಲ್ಯಾಪ್‌ಟಾಪ್ ಮುಂದೆ ಕೂತು ಕತ್ತು, ಭುಜ ಹಿಡಿದುಕೊಂಡಿದೆಯಾ? ಫಿಸಿಯೋಥೆರಪಿಗೆ ಹೋದರೆ ಸಾಮಾನ್ಯವಾಗಿ ಎರಡು ದಾರಿ ಇವೆ.

ಒಂದು, ಮೆಷಿನ್. ಐಎಫ್‌ಟಿ (ಇಂಟರ್‌ಫೆರೆನ್ಷಿಯಲ್ ಥೆರಪಿ) ಪ್ಯಾಡ್ ಅಂಟಿಸಿ ಸಣ್ಣಗೆ ಕರೆಂಟ್ ಬಿಡುತ್ತಾರೆ, ಇಲ್ಲವೇ ಅಲ್ಟ್ರಾಸೌಂಡ್ (ಸ್ಕ್ಯಾನ್ ಅಲ್ಲ, ನೋವಿನ ಜಾಗಕ್ಕೆ ಶಬ್ದದ ಅಲೆ ಕೊಡುವುದು), ಶಾಖ. ನೀವು ಸುಮ್ನೆ ಮಲಗಿದ್ದರೆ ಸಾಕು. ಜುಮ್ ಅನ್ನುತ್ತದೆ, ಹಾಯೆನಿಸುತ್ತದೆ. ಆದರೆ ಆ ಆರಾಮ ಹೆಚ್ಚು ದಿನ ನಿಲ್ಲುವುದಿಲ್ಲ. ತಲೆ ತಿರುಗಿಸಲೂ ಆಗದಷ್ಟು ನೋವಿದ್ದಾಗ, ಮೊದಲ ಕೆಲವು ದಿನಕ್ಕೆ ಸರಿ.

ಇನ್ನೊಂದು, ವ್ಯಾಯಾಮ. ನನ್ನ ಓಟು ಇದಕ್ಕೇ. ನಮ್ಮ ತಲೆ ಸುಮಾರು 5 ಕೆಜಿ ತೂಗುತ್ತದೆ. ಅದು ಮುಂದಕ್ಕೆ ಬಾಗಿದಷ್ಟೂ ಕತ್ತಿನ ಹಿಂದಿನ ಸ್ನಾಯುಗಳಿಗೆ ಭಾರ ಜಾಸ್ತಿ, ಅಲ್ವಾ? ಕತ್ತು, ಬೆನ್ನಿನ ಸ್ನಾಯುಗಳಿಗೆ ಬಲ ಬರಬೇಕು. ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ನೋಟ ನೇರ ಇರಲಿ. ತಲೆ ಬಗ್ಗಿಸದೆ ಗದ್ದವನ್ನು ಹಿಂದಕ್ಕೆ ಎಳೆಯಿರಿ, ಗದ್ದದ ಕೆಳಗೆ ಮಡಿಕೆ ಬೀಳುತ್ತದೆ. 5 ಸೆಕೆಂಡ್ ಹಿಡಿದು ಬಿಡಿ. ಹೀಗೆ 10 ಸಲ. ಆಮೇಲೆ ವ್ಯಾಯಾಮದ ಉದ್ದನೆಯ ರಬ್ಬರ್ ಬ್ಯಾಂಡ್ ಎಳೆದು ಬೆನ್ನಿನ ಎರಡೂ ರೆಕ್ಕೆ ಮೂಳೆಗಳನ್ನು ಹತ್ತಿರ ತರುವುದು. ಫಲ ಕಾಣಲು ಕೆಲವು ವಾರ ಬೇಕು. ಬೇಸರ ಬರುತ್ತದೆ, ದಯವಿಟ್ಟು ಬಿಡಬೇಡಿ.

ಖರ್ಚು? ಮೆಷಿನ್‌ಗೆ ಪ್ರತಿ ಸಲ ಹೋಗಬೇಕು. ವ್ಯಾಯಾಮವನ್ನು ಎರಡು ಮೂರು ಸಲ ಹೋಗಿ ಸರಿಯಾಗಿ ಕಲಿತರೆ ಮನೆಯಲ್ಲೇ ಮಾಡಬಹುದು. ಹತ್ತು ಸಿಟಿಂಗ್ ಪ್ಯಾಕೇಜ್ ಕೊಟ್ಟು ಒಂದೂ ವ್ಯಾಯಾಮ ಹೇಳಿಕೊಡದ ಕಡೆ ನಾನಂತೂ ಹೋಗುವುದಿಲ್ಲ.

ಕೈ ಜೋಮು ಹಿಡಿಯುತ್ತಿದ್ದರೆ, ಇಲ್ಲವೇ ಲೋಟ ಹಿಡಿಯುವ ಬಲ ಕಡಿಮೆಯಾಗಿದ್ದರೆ, ಎರಡನ್ನೂ ಬದಿಗಿಟ್ಟು ಮೊದಲು ಡಾಕ್ಟರ್ ಹತ್ತಿರ ಹೋಗಿ.