ಮೊದಲ ಪಿಕ್ ನನ್ನದೇ ಆಗಿತ್ತು: ಎರಡು ಸಾವಿರ ರೂಪಾಯಿಯ ಡ್ರಾಫ್ಟ್ ಆ್ಯಪ್ ಎಷ್ಟು ಉಪಯೋಗಕ್ಕೆ ಬಂತು?

ಐದಕ್ಕೆ ಎರಡೂವರೆ ಸ್ಟಾರ್. ಆ ಅರ್ಧ ಸ್ಟಾರ್ ಯಾಕೆ ಅಂತ ಕೊನೆಯಲ್ಲಿ ಹೇಳುತ್ತೇನೆ.

ನಾನು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯ ಒಂದು ತೋಟದ ಮನೆಯಲ್ಲಿ ಕೂತು ಅಮೆರಿಕದ ಆಫೀಸಿಗೆ ಕೆಲಸ ಮಾಡುವವಳು. ಆಫೀಸಿನವರು ಪ್ರತಿ ವರ್ಷ ಒಂದು ಫ್ಯಾಂಟಸಿ ಫುಟ್‌ಬಾಲ್ ಲೀಗ್ ನಡೆಸುತ್ತಾರೆ. ಫುಟ್‌ಬಾಲ್ ಅಂದರೆ ನಮ್ಮ ಕಾಲ್ಚೆಂಡಲ್ಲ. ಮೊಟ್ಟೆಯಂಥ ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ಓಡುತ್ತಾರಲ್ಲ, ಆ ಎನ್‌ಎಫ್‌ಎಲ್. ಹನ್ನೆರಡು ಜನ ಸೇರಿ ನಿಜವಾದ ಆಟಗಾರರನ್ನು ಸರದಿ ಪ್ರಕಾರ ಆರಿಸಿಕೊಳ್ಳುತ್ತೇವೆ. ಇದಕ್ಕೆ ಡ್ರಾಫ್ಟ್ ಅಂತಾರೆ, ಒಂದೊಂದು ಆಯ್ಕೆ ಒಂದು ಪಿಕ್. ಅವರು ಮೈದಾನದಲ್ಲಿ ಮಾಡಿದ್ದಕ್ಕೆ ನಮಗೆ ಅಂಕ. ನಮ್ಮ ಲೀಗಿನಲ್ಲಿ ಹತ್ತು ಗಜ ಓಡಿದರೆ ಒಂದು, ಒಂದು ಕ್ಯಾಚಿಗೆ ಒಂದು, ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸುವ ಟಚ್‌ಡೌನ್‌ಗೆ ಆರು.

2024ರಲ್ಲಿ ಚೀಟಿ ಎತ್ತಿದಾಗ ಮೊದಲ ಸರದಿ ನನಗೆ ಬಂತು. ಎಲ್ಲರೂ ಅಭಿನಂದನೆ ಹೇಳಿದರು. ಹೆಣ್ಣು ನೋಡಲು ಬಂದವರು ಒಪ್ಪಿಕೊಂಡಷ್ಟು ಸಂಭ್ರಮ! ಆ ಹುಮ್ಮಸ್ಸಿನಲ್ಲೇ, ಯಾರನ್ನು ಆರಿಸಬೇಕು ಅಂತ ಸಲಹೆ ಕೊಡುವ ಈ ಆ್ಯಪ್‌ಗೆ ದುಡ್ಡು ಕಟ್ಟಿದೆ. ಒಂದು ಸೀಸನ್‌ಗೆ ನಮ್ಮ ಲೆಕ್ಕದಲ್ಲಿ ಸುಮಾರು 2,000 ರೂಪಾಯಿ. ಹೆಸರು ಹಾಕುತ್ತಿಲ್ಲ. ಇಂಥವು ಹತ್ತಾರು ಇವೆ, ಎಲ್ಲದರ ಒಳಗೂ ಹೆಚ್ಚುಕಡಿಮೆ ಇದೇ ಸಾಮಾನು.

ಮೊದಲು ಒಳ್ಳೆಯದು ಹೇಳಿಬಿಡುತ್ತೇನೆ. ಅಣಕು ಡ್ರಾಫ್ಟ್ ಅಂತ ಒಂದಿದೆ. ನೀವೊಬ್ಬರು, ಉಳಿದ ಹನ್ನೊಂದು ಜನ ಕಂಪ್ಯೂಟರ್. ಇಡೀ ಡ್ರಾಫ್ಟ್ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಆಗಸ್ಟ್ ತಿಂಗಳಿಡೀ ಮಳೆ, ಎಲ್ಲಿಗೂ ಹೋಗುವ ಹಾಗಿಲ್ಲ. ಮೂವತ್ತೊಂದು ಸಲ ಆಡಿದೆ. ಅದರಿಂದಲೇ ನನಗೆ ಮೊದಲ ಸರದಿಯ ನಿಜವಾದ ಕಷ್ಟ ಗೊತ್ತಾಗಿದ್ದು.

ಸರದಿ ಹಾವಿನ ಹಾಗೆ ಸುತ್ತಿ ಬರುತ್ತದೆ. ಮೊದಲ ಸುತ್ತಿನಲ್ಲಿ ಒಂದರಿಂದ ಹನ್ನೆರಡು, ಎರಡನೇ ಸುತ್ತಿನಲ್ಲಿ ಹನ್ನೆರಡನೆಯವರಿಂದ ವಾಪಸ್ ಒಂದಕ್ಕೆ. ಹಾಗಾಗಿ ಮೊದಲ ಪಿಕ್ ತೆಗೆದುಕೊಂಡವರಿಗೆ ಮುಂದಿನದು 24ನೆಯದು. ಅದರ ಬೆನ್ನಿಗೇ 25. ಆಮೇಲೆ 48, 49. ನಡುವೆ ಇಪ್ಪತ್ತೆರಡು ಆಟಗಾರರು ಕಣ್ಣೆದುರೇ ಹೋಗುತ್ತಿರುತ್ತಾರೆ, ನೀವು ಸುಮ್ನೆ ನೋಡುತ್ತಾ ಕೂರಬೇಕು. ಮದುವೆ ಊಟದಲ್ಲಿ ಮೊದಲ ಎಲೆಗೆ ಕೂತವರಿಗೆ ಹೋಳಿಗೆ ಮೊದಲು ಬೀಳುತ್ತದೆ, ಸರಿ. ಎರಡನೇ ಸಲ ಬಡಿಸುವವರು ಆ ತುದಿಯಿಂದ ಬರುತ್ತಾರೆ ಅಂದುಕೊಳ್ಳಿ.

ಇನ್ನೊಂದು ಇಷ್ಟವಾಗಿದ್ದು ಆಟಗಾರರನ್ನು ದರ್ಜೆ ಮಾಡಿ ಇಟ್ಟಿರುವ ರೀತಿ. ಒಂದು, ಎರಡು, ಮೂರು ಅಂತ ಬರೀ ಪಟ್ಟಿ ಕೊಟ್ಟರೆ ಏಳನೆಯವನಿಗೂ ಎಂಟನೆಯವನಿಗೂ ಎಷ್ಟು ದೂರ ಅಂತ ಗೊತ್ತಾಗಲ್ಲ. ಇದರಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಅಡಿಕೆ ಬೇರೆ ಮಾಡಿದ ಹಾಗೆ ಗುಂಪು ಮಾಡಿದ್ದಾರೆ. ಒಂದು ಗುಂಪು ಖಾಲಿಯಾಗುತ್ತಾ ಬಂದರೆ ಬಣ್ಣ ಬದಲಾಗುತ್ತದೆ. ಚೆನ್ನಾಗಿದೆ.

ಈಗ ತಕರಾರು.

ಆ ವರ್ಷ ಆ್ಯಪ್‌ನ ಪಟ್ಟಿಯಲ್ಲಿ ಮೊದಲ ಹೆಸರು ಸ್ಯಾನ್ ಫ್ರಾನ್ಸಿಸ್ಕೋ ತಂಡದ ಓಟಗಾರ ಕ್ರಿಶ್ಚಿಯನ್ ಮೆಕ್‌ಕ್ಯಾಫ್ರಿ. ಬರೀ ಈ ಆ್ಯಪ್ ಅಂತಲ್ಲ, ಎಲ್ಲರ ಬಾಯಲ್ಲೂ ಅದೇ. ಹಿಂದಿನ ವರ್ಷ ಓಡಿದ್ದು, ಹಿಡಿದದ್ದು ಸೇರಿ 2,023 ಗಜ, 21 ಟಚ್‌ಡೌನ್. ಯಾರು ಬೇಡ ಅಂತಾರೆ? ಆದರೆ ಆಗಸ್ಟ್ ಮೊದಲಲ್ಲೇ ಅವನಿಗೆ ಮೀನಖಂಡದಲ್ಲಿ ನೋವು, ಅಭ್ಯಾಸಕ್ಕೆ ಇಳಿಯುತ್ತಿಲ್ಲ ಅಂತ ಸುದ್ದಿ ಬಂದಿತ್ತು. ಆ್ಯಪ್‌ನಲ್ಲಿ ಅವನ ಹೆಸರಿನ ಪಕ್ಕ ಸಾಸಿವೆ ಕಾಳಿನಷ್ಟು ಹಳದಿ ಚುಕ್ಕೆ. ಅಂಕದ ಅಂದಾಜು ಮಾತ್ರ ಒಂದು ಕೂದಲೂ ಅಲುಗಿರಲಿಲ್ಲ. ಹದಿನೇಳಕ್ಕೆ ಹದಿನೇಳು ಪಂದ್ಯವೂ ಆಡುತ್ತಾನೆ ಅನ್ನುವ ಲೆಕ್ಕವೇ.

ಡ್ರಾಫ್ಟ್‌ಗೆ ನಾಲ್ಕು ದಿನ ಇರುವಾಗ ಟೆಸ್ಟಿಂಗ್ ಟೀಮಿನವಳು ಮೆಸೇಜ್ ಹಾಕಿದಳು. ಅವಳದು ಐದನೇ ಸರದಿ. ‘ನಿನ್ನ 1 ಮತ್ತು 24 ನನಗೆ ಕೊಡು, ನನ್ನ 5 ಮತ್ತು 20 ತಗೋ.’ ಆ್ಯಪ್‌ನಲ್ಲಿ ಇದಕ್ಕೇ ಒಂದು ವಿನಿಮಯದ ಲೆಕ್ಕ ಹಾಕುವ ಭಾಗ ಇದೆ. ಹಾಕಿ ನೋಡಿದೆ. ಕೆಂಪು. ‘ನಷ್ಟ, ಒಪ್ಪಬೇಡಿ.’

ಸಂಜೆ ಜಗಲಿಯಲ್ಲಿ ಅಪ್ಪಯ್ಯನಿಗೆ ಸುಮ್ನೆ ಹೇಳಿದೆ. ಅವರಿಗೆ ಆಟದ ತಲೆಬುಡ ಗೊತ್ತಿಲ್ಲ. ಅಡಿಕೆಗೆ ಎರಡನೇ ಸಲ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಸಲು ಮಳೆ ಬಿಡುತ್ತಿಲ್ಲ ಅನ್ನುವ ಚಿಂತೆಯಲ್ಲಿದ್ದರು.

‘ಅವನ ಕಾಲಿಗೆ ಎಂತಾಗಿದೆ?’

‘ಮೀನಖಂಡದಲ್ಲಿ ನೋವಂತೆ ಅಪ್ಪಯ್ಯ. ಶುರುವಾಗೋ ಹೊತ್ತಿಗೆ ಸರಿಹೋಗುತ್ತಂತೆ.’

‘ಹಂಗಾದ್ರೆ ಚೇಣಿ ಕೊಡು ಮಾರಾಯ್ತಿ. ಕೊಳೆ ಕಾಣಿಸ್ಕೊಂಡ ತೋಟಕ್ಕೆ ಗಿರಾಕಿ ಬಂದಿದ್ದಾನೆ, ಇನ್ನೆಂಥ ಯೋಚನೆ?’

ಬಯಲುಸೀಮೆಯವರಿಗೆ ಹೇಳಬೇಕು. ಚೇಣಿ ಅಂದರೆ ಮರದ ಮೇಲಿರುವ ಫಸಲನ್ನೇ ಕೊಯ್ಲಿಗೆ ಮೊದಲು ಮಾತಾಡಿ ಕೊಟ್ಟುಬಿಡುವುದು. ದುಡ್ಡು ಸ್ವಲ್ಪ ಕಡಿಮೆ ಸಿಗಬಹುದು. ಆದರೆ ಆಮೇಲೆ ಕೊಳೆರೋಗ ಬಂದರೂ, ಗೊನೆ ಇಳಿಸುವ ಕೊನೆಗಾರ ಕೈಕೊಟ್ಟರೂ ತಲೆನೋವು ಚೇಣಿದಾರನದ್ದು.

ಇದನ್ನು ನಿಜವಾದ ಎನ್‌ಎಫ್‌ಎಲ್ ತಂಡಗಳೂ ಮಾಡುತ್ತವೆ. ಅಲ್ಲಿನ ಡ್ರಾಫ್ಟ್ ಬೇರೆ, ಕಾಲೇಜು ಮುಗಿಸಿ ಬರುವ ಹುಡುಗರನ್ನು ಆರಿಸುವುದು. ಏಳು ಸುತ್ತು. ಹಿಂದಿನ ವರ್ಷ ಎಲ್ಲರಿಗಿಂತ ಕೆಟ್ಟದಾಗಿ ಆಡಿದ ತಂಡಕ್ಕೆ ಮೊದಲ ಸರದಿ. 2023ರಲ್ಲಿ ಆ ಸರದಿ ಶಿಕಾಗೋ ಬೇರ್ಸ್ ಹತ್ತಿರ ಇತ್ತು. ಅವರು ಅದನ್ನು ಕ್ಯಾರೊಲೈನಾ ಪ್ಯಾಂಥರ್ಸ್‌ಗೆ ಕೊಟ್ಟರು. ಬದಲಿಗೆ ಡಿ.ಜೆ. ಮೂರ್ ಅನ್ನುವ ಒಳ್ಳೆ ರಿಸೀವರ್ (ಎಸೆದ ಚೆಂಡು ಹಿಡಿಯುವವನು), ಆ ವರ್ಷದ 9 ಮತ್ತು 61ನೇ ಸರದಿ, 2024ರ ಮೊದಲ ಸುತ್ತಿನ ಸರದಿ, 2025ರ ಎರಡನೇ ಸುತ್ತಿನದು. ಪ್ಯಾಂಥರ್ಸ್ ಬ್ರೈಸ್ ಯಂಗ್ ಅನ್ನುವ ಕ್ವಾರ್ಟರ್‌ಬ್ಯಾಕ್‌ನನ್ನು (ಚೆಂಡೆಸೆದು ಆಟ ನಡೆಸುವವನು) ತೆಗೆದುಕೊಂಡರು. ಆ ಸೀಸನ್‌ನಲ್ಲಿ ಎರಡು ಗೆಲುವು, ಹದಿನೈದು ಸೋಲು. ಎಲ್ಲರಿಗಿಂತ ಕೊನೆ. ಅಲ್ಲಿಗೆ ಅವರು ಕೊಟ್ಟಿದ್ದ 2024ರ ಸರದಿಯೇ ಮತ್ತೆ ಮೊದಲ ಪಿಕ್ ಆಗಿ ಶಿಕಾಗೋ ಕೈಗೆ ಬಂತು. ಅದರಲ್ಲಿ ಕೇಲಬ್ ವಿಲಿಯಮ್ಸ್ ಬಂದ. ಒಂದು ವರ್ಷ ಚೇಣಿ ಕೊಟ್ಟು, ಮುಂದಿನ ವರ್ಷ ಚೇಣಿದಾರನ ತೋಟದ ಫಸಲನ್ನೂ ಕೊಯ್ದುಕೊಂಡ ಹಾಗೆ!

ಇಷ್ಟೆಲ್ಲ ಗೊತ್ತಿದ್ದೂ ನಾನು ಕೊಡಲಿಲ್ಲ. ಕೆಂಪು ಬಣ್ಣಕ್ಕೆ ಹೆದರಿದೆ. ದುಡ್ಡು ಕೊಟ್ಟ ಸಲಹೆ, ಬಿಟ್ಟಿಯಾಗಿ ಸಿಕ್ಕ ಸಲಹೆಗಿಂತ ಜಾಸ್ತಿ ತೂಕ ಅನ್ನಿಸುತ್ತದೆ ಅಲ್ವಾ?

ಡ್ರಾಫ್ಟ್ ಅವರಿಗೆ ಶನಿವಾರ ಸಂಜೆ ಏಳಕ್ಕೆ, ನಮಗೆ ಭಾನುವಾರ, ಸೆಪ್ಟೆಂಬರ್ 1ರ ಬೆಳಗಿನ ಜಾವ ನಾಲ್ಕೂವರೆಗೆ. ಆ್ಯಪ್ ಅದನ್ನು ಅಮೆರಿಕದ ಹೊತ್ತಿನಲ್ಲೇ ತೋರಿಸುತ್ತದೆ, ಬದಲಿಸಲು ಬರುವುದಿಲ್ಲ. ಲೆಕ್ಕ ನೀವೇ ಹಾಕಿಕೊಳ್ಳಬೇಕು. ಮಳೆ ಹಂಚಿನ ಮೇಲೆ ಹೊಡೆಯುತ್ತಿತ್ತು. ಕರೆಂಟ್ ಇರಲಿಲ್ಲ, ಇನ್ವರ್ಟರ್ ಇತ್ತು. ಒಂದು ಲೋಟ ಕಾಫಿ ಇಟ್ಟುಕೊಂಡು ಕೂತೆ. ಮೊದಲ ಪಿಕ್, ಮೆಕ್‌ಕ್ಯಾಫ್ರಿ. ಮೂರು ವಾರದ ಯೋಚನೆ ಮೂರು ಸೆಕೆಂಡಿನಲ್ಲಿ ಮುಗಿಯಿತು. ಐದನೆಯವಳು ಜಾಮಾರ್ ಚೇಸ್ ಅನ್ನುವ ರಿಸೀವರ್‌ನನ್ನು ತೆಗೆದುಕೊಂಡಳು.

ಆಮೇಲೆ ಆ ಇಪ್ಪತ್ತೆರಡು. ನನ್ನ ಗುರುತು ಹಾಕಿಕೊಂಡವರೆಲ್ಲ ಒಬ್ಬೊಬ್ಬರೇ ಹೋದರು. 24ಕ್ಕೆ ಮೈಕ್ ಇವಾನ್ಸ್ ಉಳಿದಿದ್ದ. ಆಡಲು ಶುರುಮಾಡಿದ 2014ರಿಂದ ಅಲ್ಲಿಯವರೆಗೆ ಒಂದು ವರ್ಷವೂ ತಪ್ಪದೆ ಸಾವಿರ ಗಜ ದಾಟಿದವನು. ಅವನನ್ನು ಒತ್ತಿದೆ. 25ಕ್ಕೆ ಇನ್ನೊಬ್ಬ ಓಟಗಾರನನ್ನು ತೆಗೆದುಕೊಳ್ಳೋಣ ಅಂತ ಬೆರಳು ಎತ್ತಿದ್ದೇ ಸರಿ, ನೆಟ್ ಹೋಯಿತು. ಎಲ್ಲೋ ಲೈನ್ ಮೇಲೆ ಮರ ಬಿದ್ದಿರಬೇಕು. ಫೋನ್ ಹಿಡಿದುಕೊಂಡು ಜಗಲಿಯ ಮೂಲೆಗೆ ಓಡಿದೆ, ನಮ್ಮ ಮನೆಯಲ್ಲಿ ಸಿಗ್ನಲ್ ಇರುವುದು ಅಲ್ಲಿ ಮಾತ್ರ. ಕೊಟ್ಟಿದ್ದ ತೊಂಬತ್ತು ಸೆಕೆಂಡ್ ಮುಗಿದಿತ್ತು. ಆ್ಯಪ್ ತಾನೇ ಆರಿಸಿಬಿಟ್ಟಿತ್ತು: ಬಫಲೋದ ಕ್ವಾರ್ಟರ್‌ಬ್ಯಾಕ್ ಜಾಶ್ ಆ್ಯಲನ್.

ನನಗೆ ಅಳುವೇ ಬಂತು. ಕ್ವಾರ್ಟರ್‌ಬ್ಯಾಕ್‌ನನ್ನು ಬೇಗ ತೆಗೆದುಕೊಳ್ಳಬಾರದು, ಎಂಟನೇ ಸುತ್ತಿನಲ್ಲೂ ಒಳ್ಳೆಯವರು ಸಿಗುತ್ತಾರೆ ಅಂತ ಅದೇ ಆ್ಯಪ್ ಮೂವತ್ತೊಂದು ಸಲ ನನಗೆ ಪಾಠ ಹೇಳಿತ್ತು. ಕಂಪನಿಗೆ ಬರೆದೆ. ಎರಡು ದಿನದ ಮೇಲೆ ಉತ್ತರ ಬಂತು: ಸಂಪರ್ಕ ತಪ್ಪಿದಾಗ ಪಟ್ಟಿಯಲ್ಲಿ ಮೇಲಿರುವ ಹೆಸರು ಹೋಗುತ್ತದೆ, ನಿಮ್ಮದೇ ಪಟ್ಟಿ ಮೊದಲೇ ಜೋಡಿಸಿಡಬಹುದಿತ್ತು. ಆ ಜಾಗ ಸೆಟ್ಟಿಂಗ್ಸ್‌ನ ಒಳಗಿನ ಒಳಗೆ ಇದೆ. ಮಳೆಗಾಲದಲ್ಲಿ ಡ್ರಾಫ್ಟ್‌ಗೆ ಕೂರುವ ಮಲೆನಾಡಿನವರು ಇದ್ದರೆ, ಮೊದಲು ಅದನ್ನು ಮಾಡಿಡಿ.

ಸ್ಯಾನ್ ಫ್ರಾನ್ಸಿಸ್ಕೋದ ಮೊದಲ ಪಂದ್ಯ ಅವರ ಸೋಮವಾರ ರಾತ್ರಿ, ಅಂದರೆ ನಮ್ಮ ಮಂಗಳವಾರ ಬೆಳಿಗ್ಗೆ. ಉಳಿದವರ ಪಂದ್ಯಗಳೆಲ್ಲ ಮುಗಿದಿದ್ದವು. ಎದ್ದು ನೋಡಿದರೆ ಮೆಕ್‌ಕ್ಯಾಫ್ರಿ ಆಡುತ್ತಿಲ್ಲ! ಪಂದ್ಯ ಶುರುವಾಗುವ ಒಂದೂವರೆ ಗಂಟೆ ಮೊದಲು ಹೇಳಿದರಂತೆ. ಆಗ ನಾನು ನಿದ್ದೆಯಲ್ಲಿದ್ದೆ. ನನ್ನ ಮೊದಲ ಪಿಕ್‌ಗೆ ಸೊನ್ನೆ. ಅವನ ಬದಲಿಗೆ ಓಡಿದ ಜೋರ್ಡನ್ ಮೇಸನ್ 147 ಗಜ ಓಡಿದ. ಆ ಮೇಸನ್‌ನನ್ನು ಹದಿನಾಲ್ಕನೇ ಸುತ್ತಿನಲ್ಲಿ ತೆಗೆದುಕೊಂಡಿದ್ದು ಯಾರು? ಅದೇ ಐದನೆಯವಳು. ದೊಡ್ಡ ಓಟಗಾರನನ್ನು ತೆಗೆದುಕೊಂಡರೆ ಅವನ ಬದಲಿಯನ್ನೂ ಕೊನೆಯಲ್ಲಿ ಎತ್ತಿಟ್ಟುಕೊಳ್ಳಬೇಕು ಅನ್ನುವುದು ಈ ಆಟದಲ್ಲಿ ಹಳೆಯ ಬುದ್ಧಿ. ನನ್ನ ಆ್ಯಪ್ ಆ ಸುತ್ತಿನಲ್ಲಿ ಬರೀ ಚೆಂಡು ಒದೆಯಲು ಬರುವ ಒಬ್ಬ ಕಿಕ್ಕರ್‌ನ ಹೆಸರು ಹೇಳಿತ್ತು.

ನೋವು ಮೀನಖಂಡದಿಂದ ಹಿಮ್ಮಡಿ ನರಕ್ಕೆ ಬಂತು. ಅವನು ಜರ್ಮನಿಗೆ ಹೋಗಿ ಡಾಕ್ಟರನ್ನು ಕಂಡುಬಂದ. ಎಂಟು ಪಂದ್ಯ ಹೋದವು. ನವೆಂಬರ್‌ನಲ್ಲಿ ಬಂದು, ನಾಲ್ಕು ಪಂದ್ಯ ಆಡಿ, ಬಫಲೋದ ಹಿಮದಲ್ಲಿ ಮಂಡಿ ನೋಯಿಸಿಕೊಂಡು ಸೀಸನ್ ಮುಗಿಸಿದ. ಚೇಸ್? 127 ಕ್ಯಾಚ್, 1,708 ಗಜ, 17 ಟಚ್‌ಡೌನ್. ಚೆಂಡು ಹಿಡಿದು ಗಳಿಸಿದ ಈ ಮೂರರಲ್ಲೂ ಇಡೀ ಎನ್‌ಎಫ್‌ಎಲ್‌ಗೆ ಅವನೇ ಮೊದಲು. ನಾನು ಪಿಕ್ ಬದಲಿಸಿಕೊಂಡಿದ್ದರೂ ಐದರಲ್ಲಿ ಅವನನ್ನೇ ಆರಿಸುತ್ತಿದ್ದೆ ಅಂತ ಪ್ರಮಾಣ ಮಾಡಲಾರೆ. ಆದರೆ ಅಂದು ಬೆಳಿಗ್ಗೆ ಐದನೇ ಸರದಿಗೆ ಅವನು ಇದ್ದ ಅನ್ನುವುದಂತೂ ನಿಜ.

ಗಾಯವನ್ನು ಯಾವ ಆ್ಯಪ್ ತಾನೇ ಮೊದಲೇ ಹೇಳೀತು? ಅದಕ್ಕಾಗಿ ಬೈಯುತ್ತಿಲ್ಲ. ಗೊತ್ತಿದ್ದ ನೋವನ್ನು ಲೆಕ್ಕಕ್ಕೇ ಸೇರಿಸದೆ ‘ನಷ್ಟ’ ಅಂತ ಕೆಂಪಗೆ ತೋರಿಸಿತಲ್ಲ, ಅಲ್ಲಿದೆ ನನ್ನ ಸಿಟ್ಟು. ಮೊದಲ ಪಿಕ್ ಇದ್ದವರಿಗೆ ಇದರ ಪಟ್ಟಿಯಿಂದ ಏನೂ ಸಿಗಲ್ಲ. ಪಟ್ಟಿಯ ಮೊದಲ ಹೆಸರು ಯಾವುದು ಅಂತ ಪುಕ್ಕಟೆ ಎಲ್ಲೂ ಸಿಗುತ್ತದೆ. ನಮಗೆ ಬೇಕಾದದ್ದು ಕೊಡುವುದೋ ಇಟ್ಟುಕೊಳ್ಳುವುದೋ, ಇಟ್ಟುಕೊಂಡರೆ 24, 25ರಲ್ಲಿ ಯಾವ ಜೋಡಿ ಅನ್ನುವುದಕ್ಕೆ ಸಹಾಯ. ಅದು ಇಲ್ಲಿ ಇಲ್ಲ. ನಡುವಿನ ಆರು, ಏಳನೇ ಸರದಿಯವರಿಗೆ ಬೇಕಾದರೆ ಉಪಯೋಗ ಆದೀತು.

ಇನ್ನೊಂದು ವಿಷಯ, ಮುಂದಿನ ವರ್ಷದ ದುಡ್ಡನ್ನು ಕೇಳದೆ ಕಾರ್ಡಿನಿಂದ ಕಿತ್ತುಕೊಳ್ಳುತ್ತಾರೆ. ಡ್ರಾಫ್ಟ್ ಮುಗಿದ ದಿನವೇ ನಿಲ್ಲಿಸಿ. ಅಣಕು ಡ್ರಾಫ್ಟ್ ದಿನಕ್ಕೆ ಒಂದು ಬಿಟ್ಟಿ ಸಿಗುತ್ತದೆ, ನಾನೀಗ ಅಷ್ಟರಲ್ಲೇ ಇದ್ದೇನೆ.

ಹಾಂ, ಆ ಅರ್ಧ ಸ್ಟಾರ್. ಹನ್ನೆರಡು ಜನರಲ್ಲಿ ನಾನು ಏಳನೆಯವಳಾಗಿ ಮುಗಿಸಿದೆ, ಮೊದಲ ಆರು ಜನಕ್ಕೆ ಪ್ಲೇಆಫ್. ಮೊದಲ ಪಿಕ್ ಹಾಗೆ ಕೈಕೊಟ್ಟ ಮೇಲೂ ಅಷ್ಟು ಹತ್ತಿರ ಬಂದಿದ್ದು ಜಾಶ್ ಆ್ಯಲನ್‌ನಿಂದ. ಆ ವರ್ಷದ ಎಂವಿಪಿ, ಅಂದರೆ ಇಡೀ ಎನ್‌ಎಫ್‌ಎಲ್‌ನ ಅತ್ಯಮೂಲ್ಯ ಆಟಗಾರ, ಅವನೇ. ನಾನು ಆರಿಸದೆ ಇದ್ದ ಒಬ್ಬನೇ ಒಬ್ಬ.